ನಾಯಿಯನ್ನು ಯಾರೂ ಕೇಳದ ಪ್ರಶ್ನೆ

ಮನೆಯಲ್ಲಿ ಅರವತ್ತು ದಾಟಿದ ಗಂಡಸರಿದ್ದರೆ ನಿಮಗಿದು ಗೊತ್ತಿರುತ್ತೆ. ರಾತ್ರಿ ಒಂದೂವರೆಗೆ ಒಮ್ಮೆ ಬಚ್ಚಲಮನೆಯ ಲೈಟು ಹತ್ತುತ್ತೆ. ಮೂರು ಗಂಟೆಗೆ ಮತ್ತೊಮ್ಮೆ. ಬೆಳಗಿನ ಜಾವ ಇನ್ನೊಮ್ಮೆ. ಊರಿಗೆ ಬಸ್ಸು ಹತ್ತಬೇಕು ಅಂದರೆ ಎರಡು ಗಂಟೆ ಮೊದಲೇ ನೀರು ಕುಡಿಯೋದು ಬಿಡ್ತಾರೆ. ಮದುವೆಗೆ ಹೋದರೆ ಛತ್ರದಲ್ಲಿ ಮೊದಲು ಹುಡುಕೋದು ಊಟದ ಹಾಲನ್ನಲ್ಲ, ಟಾಯ್ಲೆಟ್ಟನ್ನ. ಕೇಳಿದರೆ "ವಯಸ್ಸಾಯ್ತಲ್ಲಪ್ಪ" ಅಂತ ಮಾತು ಮುಗಿಸ್ತಾರೆ.

ವಯಸ್ಸಾಗಿದ್ದು ನಿಜ. ಆದರೆ ಈ ತೊಂದರೆಗೆ ದೇಹದಲ್ಲಿ ಒಂದು ಖಚಿತವಾದ ಜಾಗವೂ ಇದೆ. ಮೂತ್ರಕೋಶದ ಬಾಯಿಯ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕೂತಿರುವ ಪ್ರಾಸ್ಟೇಟ್ ಗ್ರಂಥಿ. ಹರೆಯದಲ್ಲಿ ಇದರ ತೂಕ ಸುಮಾರು 20 ಗ್ರಾಂ, ಒಂದು ದೊಡ್ಡ ಬೆಟ್ಟದ ನೆಲ್ಲಿಕಾಯಿಯಷ್ಟು ಅಂದುಕೊಳ್ಳಿ. ವಯಸ್ಸಾದ ಹಾಗೆ ಇದು ಬೆಳೆಯುತ್ತೆ. ಬೆಳೆದು ನಡುವಿನ ನಾಳವನ್ನು ಅದುಮುತ್ತೆ. ಐವತ್ತರಿಂದ ಅರವತ್ತರ ನಡುವಿನ ಗಂಡಸರಲ್ಲಿ ಸುಮಾರು ಅರ್ಧ ಜನರ ಗ್ರಂಥಿಯಲ್ಲಿ ಈ ಬೆಳವಣಿಗೆ ಸೂಕ್ಷ್ಮದರ್ಶಕದ ಕೆಳಗೆ ಕಾಣುತ್ತೆ. ಎಂಬತ್ತು ದಾಟಿದವರಲ್ಲಿ ಹತ್ತಕ್ಕೆ ಎಂಟು ಜನರಿಗಿಂತ ಹೆಚ್ಚು. ಇದು ಕ್ಯಾನ್ಸರ್ ಅಲ್ಲ. ಸಾಯಿಸುವ ಕಾಯಿಲೆ ಅಂತಲೂ ಸಾಮಾನ್ಯವಾಗಿ ಅಲ್ಲ. ಆದರೆ ಒಂದು ದಿನ ಮೂತ್ರ ಪೂರ್ತಿ ಕಟ್ಟಿಕೊಂಡು, ಆಸ್ಪತ್ರೆಗೆ ಓಡಿ, ಪೈಪು ಹಾಕಿಸಿಕೊಂಡು ಬಂದವರನ್ನು ಕೇಳಿ ನೋಡಿ, ಅದೇನು ಸಣ್ಣ ಕಾಯಿಲೆಯಲ್ಲ ಅಂತ ಅವರೇ ಹೇಳ್ತಾರೆ.

ನನ್ನ ದೊಡ್ಡಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದವರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಮಾತ್ರೆ ನುಂಗ್ತಾ ಇದ್ದರು. ಪ್ರಾಸ್ಟೇಟಿಗೆ ಇನ್ನು ಮಾತ್ರೆ ಸಾಲದು, ಲೇಸರ್ ಮಾಡಿಸೋಣ ಅಂತ ಡಾಕ್ಟರು ಹೇಳಿದಾಗ ಅವರು ನನ್ನನ್ನು ಕೇಳಿದ್ದು ಖರ್ಚಿನ ಬಗ್ಗೆ ಅಲ್ಲ. "ಅಲ್ಲೋ, ಇದನ್ನ ಮೊದಲು ಯಾರ ಮೇಲೆ ಬಿಟ್ಟು ನೋಡಿದ್ರು?" ಅಂದರು. ಫೋನಿನಲ್ಲಿ ಹುಡುಕಿದರೆ ಐದು ನಿಮಿಷದಲ್ಲಿ ಸಿಗುವ ಉತ್ತರ: ನಾಯಿಗಳ ಮೇಲೆ. ಆದರೆ ಆ ಉತ್ತರದ ಹಿಂದಿನ ಚರಿತ್ರೆಯನ್ನು ಓದ್ತಾ ಹೋದ ಹಾಗೆ ನನಗೆ ಕಂಡದ್ದು ಬೇರೆ. ನಾಯಿ ಕೊಟ್ಟ ಉತ್ತರಗಳೆಲ್ಲ ಸರಿಯಾಗೇ ಇದ್ದವು. ಎಡವಟ್ಟಾದದ್ದು ನಾವು ಅದನ್ನು ಕೇಳದೇ ಬಿಟ್ಟ ಪ್ರಶ್ನೆಗಳಲ್ಲಿ.

ನಾಯಿಯೇ ಯಾಕೆ ಅನ್ನೋದರಿಂದ ಶುರು ಮಾಡೋಣ. ಇಲಿ, ಮೊಲ ಸಾಕಿ ಪ್ರಯೋಗ ಮಾಡೋದು ಅಗ್ಗ, ಜಾಗವೂ ಕಡಿಮೆ ಸಾಕು. ಆದರೆ ವಯಸ್ಸಾದ ಹಾಗೆ ಪ್ರಾಸ್ಟೇಟ್ ತಾನಾಗಿಯೇ ಬೆಳೆಯೋದು ಎಲ್ಲಾ ಪ್ರಾಣಿಗಳಲ್ಲೂ ಇಲ್ಲ. ಪ್ರಯೋಗಾಲಯಕ್ಕೆ ಸುಲಭವಾಗಿ ಸಿಗುವ ಪ್ರಾಣಿಗಳಲ್ಲಿ ಈ ವಿಷಯದಲ್ಲಿ ಮನುಷ್ಯನಿಗೆ ಜೊತೆಗಾರ ಅಂದರೆ ನಾಯಿ. ವೃಷಣ ತೆಗೆಯದೇ ಬಿಟ್ಟ ಗಂಡು ನಾಯಿಗಳಲ್ಲಿ ಬಹುಪಾಲಿಗೆ ವಯಸ್ಸಾದ ಮೇಲೆ ಗ್ರಂಥಿ ಊದುತ್ತೆ. ಮನುಷ್ಯ ಅರವತ್ತು ವರ್ಷ ತೆಗೆದುಕೊಳ್ಳೋದನ್ನು ನಾಯಿ ಏಳೆಂಟು ವರ್ಷದಲ್ಲಿ ಮುಗಿಸುತ್ತೆ.

ಈ ಸಂಬಂಧ ಲೇಸರಿಗಿಂತ ತುಂಬಾ ಹಳೆಯದು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1786ರಲ್ಲೇ ಬೀಜ ಒಡೆದ ಪ್ರಾಣಿಗಳಲ್ಲಿ ಪ್ರಾಸ್ಟೇಟ್ ಸಣ್ಣದಾಗಿ, ಜೋಲು ಬಿದ್ದಿರುತ್ತೆ ಅಂತ ಬರೆದಿದ್ದ. ನೂರು ವರ್ಷ ಕಳೆದ ಮೇಲೆ, 1893ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೆ. ವಿಲಿಯಂ ವೈಟ್ ಇದನ್ನು ನಾಯಿಗಳಲ್ಲಿ ಪರೀಕ್ಷೆ ಮಾಡಿ ನೋಡಿದರು. ವೃಷಣ ತೆಗೆದ ಕೆಲವೇ ವಾರಗಳಲ್ಲಿ ಗ್ರಂಥಿ ಕುಗ್ಗಿತು. ಹಾಗಾದರೆ ಮೂತ್ರ ಕಟ್ಟಿ ನರಳುವ ಮುದುಕರಿಗೂ ಇದನ್ನೇ ಮಾಡಬಹುದಲ್ಲ ಅಂತ ಅವರು ಸೂಚಿಸಿದರು. 1895ರ ಹೊತ್ತಿಗೆ ವೈಟ್ ಅವರ ವರದಿಯಲ್ಲಿ ಹೀಗೆ ಆಪರೇಷನ್ ಮಾಡಿಸಿಕೊಂಡ 111 ಗಂಡಸರ ಲೆಕ್ಕ ಇತ್ತು!

ಆ ಕಾಲದ ಶಸ್ತ್ರವೈದ್ಯರಿಗೆ ಬೇರೆ ದಾರಿ ಕಡಿಮೆ ಇತ್ತು ಅನ್ನೋದನ್ನು ಮರೆಯಬಾರದು. ಆದರೂ ಈ ಚಿಕಿತ್ಸೆ ಹೆಚ್ಚು ದಿನ ಬಾಳಲಿಲ್ಲ. ಆಪರೇಷನ್ನಿನ ನಂತರ ಸತ್ತವರೂ ಇದ್ದರು, ಗುಣ ಕಾಣದವರೂ ಇದ್ದರು, ಕೇಳಿದ ಕೂಡಲೇ ಎದ್ದು ಹೋದವರು ಎಷ್ಟೋ! ನಾಯಿಯನ್ನು ಕೇಳಿದ್ದು "ಗ್ರಂಥಿ ಕುಗ್ಗುತ್ತಾ?" ಅಂತ. ಕುಗ್ಗುತ್ತೆ ಅಂದಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. "ಇಂಥ ಚಿಕಿತ್ಸೆ ಆದ ಮೇಲೆ ಬದುಕು ಹೇಗಿರುತ್ತೆ, ಇದು ನಿನಗೆ ಒಪ್ಪಿಗೆಯಾ?" ಅನ್ನೋದನ್ನು ನಾಯಿಯ ಹತ್ತಿರ ಕೇಳೋಕೆ ಆಗಲ್ಲ, ಕೇಳಿದರೂ ಅದು ಹೇಳಲ್ಲ.

ಮುಂದೆ ಬಂದದ್ದು ಚಾಕು. ಇಲ್ಲಿ ನಮ್ಮ ದೇಶದ ಒಂದು ಎಳೆಯೂ ಇದೆ. ಐರ್ಲೆಂಡಿನ ಪೀಟರ್ ಫ್ರೇಯರ್ 1875ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ, ಇಪ್ಪತ್ತು ವರ್ಷ ಉತ್ತರ ಭಾರತದಲ್ಲಿ ಮೂತ್ರಕೋಶದ ಕಲ್ಲು ಒಡೆದು ತೆಗೆದು ಹೆಸರು ಮಾಡಿದವರು. ಲಂಡನ್ನಿಗೆ ವಾಪಸ್ಸಾಗಿ, 1900ರ ಡಿಸೆಂಬರಿನಲ್ಲಿ, ಹೊಟ್ಟೆಯ ಕೆಳಭಾಗ ಕೊಯ್ದು, ಮೂತ್ರಕೋಶದೊಳಗೆ ಬೆರಳು ಹಾಕಿ, ಬೆಳೆದ ಪ್ರಾಸ್ಟೇಟನ್ನು ಇಡಿಯಾಗಿ ಎಬ್ಬಿಸಿ ತೆಗೆದರು. ತಾನೇ ಮೊದಲಿಗ ಅಂತ ಫ್ರೇಯರ್ ಹೇಳಿಕೊಂಡರು. ನ್ಯೂಯಾರ್ಕಿನ ಯೂಜೀನ್ ಫುಲ್ಲರ್ ಅವರಿಗಿಂತ ಮೊದಲೇ ಇದನ್ನು ಮಾಡಿದ್ದರು, ಅದರ ಜಗಳ ಬೇರೆ. ಆಮೇಲೆ 1926ರಲ್ಲಿ ಮ್ಯಾಕ್ಸಿಮಿಲಿಯನ್ ಸ್ಟರ್ನ್ ರಿಸೆಕ್ಟೋಸ್ಕೋಪ್ ಅನ್ನುವ ಉಪಕರಣ ತಂದರು. ಮೂತ್ರನಾಳದ ಮೂಲಕವೇ ಒಳಗೆ ಹೋಗಿ, ಕರೆಂಟು ಹರಿಯುವ ತಂತಿಯ ಕುಣಿಕೆಯಿಂದ ಗ್ರಂಥಿಯನ್ನು ಒಳಗಿನಿಂದ ಹೆರೆಯೋದು. ಹೋಳು ಕಾಯಿಯನ್ನು ತುರಿಮಣೆಯ ಮೇಲೆ ತುರಿದ ಹಾಗೆ. ಟಿಯುಆರ್‌ಪಿ ಅಂತ ಡಾಕ್ಟರುಗಳು ಹೇಳೋದು ಇದಕ್ಕೇ. ಇವತ್ತಿಗೂ ಹೊಸದೇನೇ ಬಂದರೂ ಅದನ್ನು ಹೋಲಿಸಿ ನೋಡೋದು ಇದರ ಜೊತೆಗೆ.

ಚೆನ್ನಾಗಿ ಕೆಲಸ ಮಾಡುವ ಆಪರೇಷನ್ ಇದು. ಆದರೆ ರಕ್ತ ಹೋಗುತ್ತೆ. ಹೆರೆಯುವಾಗ ಒಳಗೆ ಹರಿಸುವ ದ್ರವ ತೆರೆದ ರಕ್ತನಾಳಗಳ ಮೂಲಕ ದೇಹಕ್ಕೆ ಸೇರಿ ಸೋಡಿಯಂ ಇಳಿಯುವ ಅಪಾಯವೂ ಇತ್ತು. 1989ರಲ್ಲಿ ಅಮೆರಿಕದಲ್ಲಿ 3,885 ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಸುಮಾರು 18 ಶೇಕಡಾ ಜನರಿಗೆ ಆಪರೇಷನ್ ಆದ ಕೂಡಲೇ ಒಂದಲ್ಲ ಒಂದು ತೊಡಕು ಆಗಿತ್ತು. ನನ್ನ ದೊಡ್ಡಪ್ಪನ ಥರ ರಕ್ತ ಹೆಪ್ಪುಗಟ್ಟದ ಮಾತ್ರೆ ತಗೊಳ್ಳೋರಿಗೆ ಅಪಾಯ ಇನ್ನೂ ಜಾಸ್ತಿ. ರಕ್ತ ಸುರಿಸದೆ ಇದನ್ನು ಮಾಡೋಕೆ ಆಗುತ್ತಾ? ಲೇಸರಿನ ಕಥೆ ಹುಟ್ಟೋದು ಈ ಪ್ರಶ್ನೆಯಿಂದ.

ಆ ಕಥೆಗೆ ಹೋಗುವ ಮೊದಲು 1966ರಲ್ಲಿ ಸ್ವಲ್ಪ ನಿಲ್ಲಬೇಕು. ಆ ವರ್ಷ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ಅವರಿಗೆ ನೊಬೆಲ್ ಬಂತು. ಪ್ರಾಸ್ಟೇಟ್ ಕ್ಯಾನ್ಸರನ್ನು ಹಾರ್ಮೋನಿನ ಮೂಲಕ ಹಿಡಿತಕ್ಕೆ ತರಬಹುದು ಅಂತ ತೋರಿಸಿದ್ದಕ್ಕೆ. ಅದರ ಬುನಾದಿ ನಾಯಿಗಳ ಮೇಲಿನ ಕೆಲಸ. 1939ರಲ್ಲಿ ಅವರು ನಾಯಿಯ ಪ್ರಾಸ್ಟೇಟನ್ನು ಮೂತ್ರದ ದಾರಿಯಿಂದ ಬೇರ್ಪಡಿಸಿ, ಅದರ ಸ್ರಾವವನ್ನು ದಿನದಿನವೂ ಅಳೆಯುವ ವಿಧಾನ ಮಾಡಿಕೊಂಡಿದ್ದರು. ವೃಷಣ ತೆಗೆದರೆ ಸ್ರಾವ ಇಳಿಯುತ್ತೆ, ಹಾರ್ಮೋನ್ ಕೊಟ್ಟರೆ ಏರುತ್ತೆ. ಅಳೆಯಬಹುದಾದ ಪ್ರಶ್ನೆ, ಅಳತೆಯ ಉತ್ತರ. ಹಂಟರ್, ವೈಟ್ ಹೇಳಿದ್ದಕ್ಕೆ ಇಲ್ಲಿ ಕಾರಣ ಸಿಕ್ಕಿತು.

ಅದೇ 1966ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಪ್ರಯೋಗಾಲಯದ ಪ್ರಾಣಿಗಳ ರಕ್ಷಣೆಯ ಕಾನೂನಿಗೆ ಸಹಿ ಹಾಕಿದರು. ಅದಕ್ಕೂ ಒಂದು ನಾಯಿ ಕಾರಣ. ಪೆಪ್ಪರ್ ಅನ್ನುವ ಡಾಲ್ಮೇಷನ್ ನಾಯಿ 1965ರಲ್ಲಿ ಪೆನ್ಸಿಲ್ವೇನಿಯಾದ ಒಂದು ತೋಟದ ಮನೆಯಿಂದ ಕಾಣೆಯಾಯಿತು. ಮನೆಯವರು ಹುಡುಕಿ ಹುಡುಕಿ ಸುಸ್ತಾದರು. ಕಡೆಗೆ ಗೊತ್ತಾಗಿದ್ದು, ಅದು ದಲ್ಲಾಳಿಗಳ ಕೈ ಬದಲಾಯಿಸಿ ನ್ಯೂಯಾರ್ಕಿನ ಒಂದು ಆಸ್ಪತ್ರೆಯ ಪ್ರಯೋಗದಲ್ಲಿ ಸತ್ತಿದೆ ಅಂತ. ಜನ ಸಿಟ್ಟಾದರು, ಪತ್ರಿಕೆಗಳು ಬರೆದವು, ಕಾನೂನು ಬಂತು. 1985ರ ತಿದ್ದುಪಡಿಯಲ್ಲಿ ನೋವು ಕಡಿಮೆ ಮಾಡಬೇಕು, ಪ್ರತಿ ಸಂಸ್ಥೆಯಲ್ಲೂ ಪ್ರಯೋಗವನ್ನು ಪರಿಶೀಲಿಸುವ ಸಮಿತಿ ಇರಬೇಕು ಅನ್ನುವ ನಿಯಮಗಳು ಸೇರಿದವು. ನಮ್ಮಲ್ಲಿ ಇಂಥ ಕಾನೂನು ಇದಕ್ಕಿಂತ ಮೊದಲೇ, 1960ರಲ್ಲಿ ಬಂದಿತ್ತು. ಅದರ ಹಿಂದೆ ಇದ್ದವರು ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್. ರಾಜ್ಯಸಭೆಯಲ್ಲಿ ಅವರು ಮಂಡಿಸಿದ ಖಾಸಗಿ ಮಸೂದೆಯೇ ಅದರ ಬೀಜ.

ಲೇಸರ್ ಹುಟ್ಟಿದ್ದೂ 1960ರಲ್ಲೇ. ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಥಿಯೋಡೋರ್ ಮೈಮನ್ ಒಂದು ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರ್ ಬೆಳಕು ಹೊರಡಿಸಿದರು. 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಎರಡು ಹೊಸ ಲೇಸರುಗಳು ಬಂದವು. ಒಂದು, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ ಅವರ ಕಾರ್ಬನ್ ಡೈಆಕ್ಸೈಡ್ ಲೇಸರ್. ಶಸ್ತ್ರಚಿಕಿತ್ಸೆಗೆ ಅದು ಒಳ್ಳೆಯ ಚಾಕುವಾಯಿತು, ಆದರೆ ಆ ಬೆಳಕು ಮಾಮೂಲಿ ಗಾಜಿನ ಎಳೆಯಲ್ಲಿ ಸಾಗಲ್ಲ, ನೀರಿನಲ್ಲಂತೂ ಮುಂದಕ್ಕೇ ಹೋಗಲ್ಲ. ಹಾಗಾಗಿ ಮೂತ್ರನಾಳದೊಳಗಿನ ಕೆಲಸಕ್ಕೆ ಒಗ್ಗಲಿಲ್ಲ. ಇನ್ನೊಂದು ನಿಯೋಡಿಮಿಯಂ ಯಾಗ್ ಲೇಸರ್. ಇದು ಕೂದಲಿನಷ್ಟು ಸಣ್ಣ ಎಳೆಯೊಳಗೂ ಹಾಯಾಗಿ ಸಾಗುತ್ತೆ. ಮೂತ್ರಕೋಶದ ಮೇಲೆ ಲೇಸರ್ ಏನು ಮಾಡುತ್ತೆ ಅಂತ ನಾಯಿಗಳಲ್ಲಿ ಮಾಣಿಕ್ಯದ ಲೇಸರ್ ಬಿಟ್ಟು ನೋಡಿದ್ದು 1966ರಲ್ಲಿ. ಆದರೆ ಪ್ರಾಸ್ಟೇಟಿನ ಸರದಿ ಬರೋಕೆ ಇನ್ನೂ ಇಪ್ಪತ್ತು ವರ್ಷದ ಮೇಲೆ ಹಿಡಿಯಿತು.

ಸಮಸ್ಯೆ ಇದ್ದದ್ದು ದಿಕ್ಕಿನಲ್ಲಿ. ಬೆಳಕಿನ ಎಳೆ ನಾಳದೊಳಗೆ ನೇರವಾಗಿ ಹೋಗುತ್ತೆ, ಸುಡಬೇಕಾದ ಗ್ರಂಥಿ ಇರೋದು ಪಕ್ಕದಲ್ಲಿ. 1990ರ ಸುಮಾರಿಗೆ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ತುದಿಗಳು ತಯಾರಾದವು. 1991ರಲ್ಲಿ ರಾಬರ್ಟ್ ರಾತ್ ಮತ್ತು ಥಾಮಸ್ ಅರೆಟ್ಜ್ ಅಲ್ಟ್ರಾಸೌಂಡಿನಲ್ಲಿ ನೋಡ್ತಾ ಲೇಸರ್ ಬಿಡುವ ಒಂದು ಉಪಕರಣವನ್ನು ನಾಯಿಗಳಲ್ಲಿ ಪರೀಕ್ಷಿಸಿ ವರದಿ ಬರೆದರು. ಅದೇ ಹೊತ್ತಿಗೆ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಸಂಸ್ಥೆಯಲ್ಲಿ ಡಗ್ಲಸ್ ಜಾನ್ಸನ್ ಮತ್ತು ಜೊತೆಗಾರರು ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಎಳೆಯಿಂದ ನಾಯಿಗಳ ಪ್ರಾಸ್ಟೇಟನ್ನು ಸುಟ್ಟು, ಆಮೇಲೆ ಗ್ರಂಥಿಯಲ್ಲಿ ಏನೇನು ಬದಲಾವಣೆ ಆಗುತ್ತೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿ ದಾಖಲಿಸಿದರು.

ಹೀಗೆ ನೋಡೋದು ಅಂದರೆ ಏನು ಅಂತ ಬಿಡಿಸಿ ಹೇಳಬೇಕು. ನಾಯಿಗೆ ಅರಿವಳಿಕೆ ಕೊಟ್ಟು ಲೇಸರ್ ಮಾಡ್ತಾರೆ. ಕೆಲವನ್ನು ಬೇಗ, ಕೆಲವನ್ನು ದಿನಗಳ ನಂತರ, ಕೆಲವನ್ನು ವಾರಗಳ ನಂತರ ಕೊಂದು ಗ್ರಂಥಿಯನ್ನು ಕತ್ತರಿಸಿ ನೋಡ್ತಾರೆ. ಬೇರೆ ಬೇರೆ ಕಾಲದ ಚಿತ್ರಗಳನ್ನು ಜೋಡಿಸಿದರೆ ಗಾಯ ಮಾಯುವ ಕಥೆ ಸಿಗುತ್ತೆ. ಆ ಕಥೆಯ ಒಂದೊಂದು ಪುಟಕ್ಕೂ ಒಂದೊಂದು ನಾಯಿಯ ಜೀವ ಹೋಗಿದೆ. ಇದನ್ನು ಮೆತ್ತಗೆ ಹೇಳೋಕೆ ನನಗೆ ಇಷ್ಟ ಇಲ್ಲ.

ನಾಯಿಗಳು ಕೊಟ್ಟ ಉತ್ತರ ಮಾತ್ರ ಚೊಕ್ಕವಾಗಿತ್ತು. ರಕ್ತ ಹೆಚ್ಚುಕಡಿಮೆ ಹೋಗಲೇ ಇಲ್ಲ. ಗ್ರಂಥಿಯ ಹೊರಗಿನ ಕವಚ ತೂತಾಗಲಿಲ್ಲ. ಸುಟ್ಟ ಭಾಗ ವಾರಗಳಲ್ಲಿ ಕಳಚಿ ಬಿದ್ದು ನಡುವೆ ಒಳ್ಳೆಯ ಗುಳಿ ಆಯಿತು, ಅದರ ಮೇಲೆ ಹೊಸ ಪೊರೆ ಬೆಳೆಯಿತು. ಇನ್ನೇನು ಬೇಕು? 1992ರ ಹೊತ್ತಿಗೆ ಮೆಲ್ಬರ್ನಿನ ಆಂಥನಿ ಕಾಸ್ಟೆಲ್ಲೋ ರೋಗಿಗಳಲ್ಲಿ ಇದನ್ನು ಮಾಡಿ ಬರೆದರು. ಒಂದೆರಡು ವರ್ಷದಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಲೇಸರ್ ಯಂತ್ರ ತರಿಸಿಕೊಂಡವು.

ಮನುಷ್ಯರಲ್ಲೂ ರಕ್ತ ಹೋಗಲಿಲ್ಲ, ಅದು ನಿಜವೇ. ಆದರೆ ಆಪರೇಷನ್ ಥಿಯೇಟರಿನಿಂದ ಹೊರಗೆ ಬಂದ ಮೇಲೆ ಮೂತ್ರವೂ ಹೋಗಲಿಲ್ಲ. ಸುಟ್ಟ ಗ್ರಂಥಿ ಕಳಚುವ ಮೊದಲು ಊದಿಕೊಳ್ತಾ ಇತ್ತು. ಎಷ್ಟೋ ಜನ ದಿನಗಟ್ಟಲೆ, ಕೆಲವರು ವಾರಗಟ್ಟಲೆ ಪೈಪು ಹಾಕಿಕೊಂಡೇ ಓಡಾಡಬೇಕಾಯಿತು. ಪೈಪು ತೆಗೆದ ಮೇಲೂ ಉರಿ, ತಡೆಯೋಕೆ ಆಗದ ಅವಸರ, ಸತ್ತ ಮಾಂಸದ ಚೂರುಗಳು ಮೂತ್ರದ ಜೊತೆ ಬೀಳೋದು. ತುರಿಯುವ ಹಳೆಯ ಆಪರೇಷನ್ನಿನಲ್ಲಿ ಮೂರ್ನಾಲ್ಕು ದಿನಕ್ಕೆ ಸಿಗ್ತಾ ಇದ್ದ ನೆಮ್ಮದಿಗೆ ಇಲ್ಲಿ ತಿಂಗಳು ಕಾಯಬೇಕಿತ್ತು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ, ಟೆಸ್ಟಿಂಗ್‌ನಲ್ಲಿ ಎಲ್ಲ ಹಸಿರು, ಪ್ರೊಡಕ್ಷನ್‌ಗೆ ಹಾಕಿದ ಮೇಲೆ ಫೋನು ಬಾಯಿ ಮುಚ್ಚಲಿಲ್ಲ.

ಯಾಕೆ ಹೀಗಾಯ್ತು? ನಾಯಿಯ ದೇಹದಲ್ಲೇ ಇದಕ್ಕೆ ಉತ್ತರ ಇತ್ತು. ಮನುಷ್ಯನಲ್ಲಿ ಪ್ರಾಸ್ಟೇಟ್ ಬೆಳೆಯೋದು ಮೂತ್ರನಾಳಕ್ಕೆ ಅಂಟಿಕೊಂಡಿರುವ ಒಳಭಾಗದಲ್ಲಿ, ಹಾಗಾಗಿ ನಾಳ ಅದುಮಿಹೋಗುತ್ತೆ. ನಾಯಿಯಲ್ಲಿ ಇಡೀ ಗ್ರಂಥಿ ಸಮನಾಗಿ, ಹೊರಮುಖವಾಗಿ ಬೆಳೆಯುತ್ತೆ. ಅದು ಹಿಂದಿರುವ ಗುದನಾಳವನ್ನು ಒತ್ತುತ್ತೆ. ಪ್ರಾಸ್ಟೇಟ್ ಊದಿದ ಮುದಿ ನಾಯಿಗೆ ಸಾಮಾನ್ಯವಾಗಿ ಮೂತ್ರ ಕಟ್ಟಲ್ಲ, ಮಲ ಕಟ್ಟುತ್ತೆ! ಇನ್ನು ಗ್ರಂಥಿಯ ಒಳಗಿನ ವಿಷಯ. ನಾಯಿಯದರಲ್ಲಿ ರಸ ಸುರಿಸುವ ಮೆತ್ತನೆಯ ಭಾಗವೇ ಹೆಚ್ಚು. ಮನುಷ್ಯನ ಬೆಳೆದ ಗ್ರಂಥಿಯಲ್ಲಿ ಸ್ನಾಯು, ನಾರು ಸೇರಿದ ಗಟ್ಟಿ ಭಾಗ ಜಾಸ್ತಿ. ಎಳೆ ಸೋರೆಕಾಯಿ ಬೆಂದ ಹೊತ್ತಿನಲ್ಲಿ ನಾರು ಬಲಿತ ಕಾಯಿ ಬೇಯುತ್ತಾ? ಹಾಗೇ, ನಾಯಿಯಲ್ಲಿ ಸಲೀಸಾಗಿ ಕರಗಿದ್ದು ಮನುಷ್ಯನಲ್ಲಿ ಜಗ್ಗಲಿಲ್ಲ.

ಇನ್ನೊಂದು ಸಂಗತಿ. ಗಂಡು ನಾಯಿಯ ಶಿಶ್ನದೊಳಗೆ ಒಂದು ಮೂಳೆ ಇದೆ. ಮನುಷ್ಯರಿಗೆ ಬಳಸುವ ನೇರವಾದ ಲೋಹದ ಕೊಳವೆ ಆ ದಾರಿಯಲ್ಲಿ ಹೋಗಲ್ಲ. ಹಾಗಾಗಿ ಇಂಥ ಹಲವು ಪ್ರಯೋಗಗಳಲ್ಲಿ ವೃಷಣದ ಹಿಂಭಾಗದಲ್ಲಿ ಕೊಯ್ದು ಬೇರೆ ದಾರಿ ಮಾಡಬೇಕಿತ್ತು. ಅಂದರೆ ಮೂತ್ರ ಕಟ್ಟದ ಪ್ರಾಣಿ, ಬಾಯಿಬಿಟ್ಟು ಹೇಳಲಾಗದ ಪ್ರಾಣಿ, ದಾರಿಯನ್ನೂ ಬದಲಾಯಿಸಿಕೊಂಡ ಪ್ರಾಣಿ. ಇದರ ಹತ್ತಿರ "ರಕ್ತ ಹೋಗುತ್ತಾ? ಬಿಸಿ ಎಷ್ಟು ಆಳಕ್ಕೆ ಇಳಿಯುತ್ತೆ?" ಅಂತ ಕೇಳಬಹುದು. "ಮೂತ್ರ ಸರಾಗವಾಗಿ ಬರುತ್ತಾ? ಉರಿ ಇದೆಯಾ? ರಾತ್ರಿ ಎಷ್ಟು ಸಲ ಏಳ್ತೀಯ?" ಅಂತ ಕೇಳೋಕೆ ಆಗಲ್ಲ. ರೋಗಿಗೆ ಬೇಕಾಗಿದ್ದದ್ದು ಈ ಎರಡನೇ ಸಾಲಿನ ಉತ್ತರಗಳು.

ತಿದ್ದುಪಡಿ ಬಂದದ್ದು ಎರಡು ಕಡೆಯಿಂದ. ಒಂದು, ಬೆಳಕಿನ ಬಣ್ಣ. ನಿಯೋಡಿಮಿಯಂ ಯಾಗ್ ಲೇಸರಿನ ಅಲೆಯುದ್ದ 1064 ನ್ಯಾನೋಮೀಟರ್. ಅದನ್ನು ನೀರೂ ಅಷ್ಟಾಗಿ ಹೀರಲ್ಲ, ರಕ್ತವೂ ಹೀರಲ್ಲ. ಹಾಗಾಗಿ ಅದು ಸುಮಾರು ಒಂದು ಸೆಂಟಿಮೀಟರ್ ಆಳದವರೆಗೂ ಇಳಿದು ಒಳಗೊಳಗೇ ಬೇಯಿಸುತ್ತೆ, ಕುಕ್ಕರಿನಲ್ಲಿಟ್ಟ ಹಾಗೆ. ಅದೇ ಬೆಳಕನ್ನು ಕೆಟಿಪಿ ಅನ್ನುವ ಹರಳಿನ ಮೂಲಕ ಹಾಯಿಸಿದರೆ ಅಲೆಯುದ್ದ ಅರ್ಧಕ್ಕಿಳಿದು 532 ಆಗುತ್ತೆ, ಕಣ್ಣಿಗೆ ಹಸಿರಾಗಿ ಕಾಣುತ್ತೆ. ಹಸಿರು ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಗಬಕ್ಕನೆ ಹೀರಿಕೊಳ್ಳುತ್ತೆ. ಒಂದು ಮಿಲಿಮೀಟರಿಗಿಂತ ಕಡಿಮೆ ಆಳದಲ್ಲಿ ಶಕ್ತಿಯೆಲ್ಲ ಸುರಿದುಹೋಗಿ ಮಾಂಸ ಅಲ್ಲೇ ಆವಿಯಾಗುತ್ತೆ, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ. ಬೇಯಿಸಿ ಬಿಟ್ಟು ಕಳಚಲಿ ಅಂತ ಕಾಯೋ ಹಾಗಿಲ್ಲ, ದಾರಿ ಆವಾಗಲೇ ತೆರೆದುಕೊಳ್ಳುತ್ತೆ.

ಎರಡನೆಯದು, ಕೇಳುವ ರೀತಿ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ರೆಜಾ ಮಲೆಕ್, ರಾಂಡಾಲ್ ಕುಂಟ್ಸ್‌ಮನ್, ಡೇವಿಡ್ ಬ್ಯಾರೆಟ್ ಮತ್ತು ಜೊತೆಗಾರರು 1996ರಲ್ಲಿ ಹಸಿರು ಲೇಸರನ್ನು ನಾಯಿಗಳಲ್ಲಿ ಪರೀಕ್ಷಿಸಿದರು. 1997ರಲ್ಲಿ ಅದರ ಶಕ್ತಿಯನ್ನು 60 ವ್ಯಾಟಿಗೆ ಏರಿಸಿದಾಗ ಬರೀ ಬದುಕಿರುವ ನಾಯಿಗಳಲ್ಲಿ ನೋಡಿ ಸುಮ್ಮನಾಗಲಿಲ್ಲ. ಸತ್ತ ನಾಯಿಗಳ ಗ್ರಂಥಿಯಲ್ಲೂ, ಸತ್ತ ಮನುಷ್ಯರ ಗ್ರಂಥಿಯಲ್ಲೂ ಅದೇ ಬೆಳಕನ್ನು ಬಿಟ್ಟು ನೋಡಿದರು. ಇದರಲ್ಲಿ ನನಗೆ ಕಾಣೋದು ಒಂದು ಜಾಣತನ. ಬದುಕಿರುವ ನಾಯಿ ರಕ್ತದ ಬಗ್ಗೆ, ಗಾಯ ಮಾಯೋದರ ಬಗ್ಗೆ ಹೇಳುತ್ತೆ. ಸತ್ತ ಮನುಷ್ಯ ತನ್ನ ನಾರುಗಟ್ಟಿದ ಗ್ರಂಥಿಯ ಬಗ್ಗೆ ಹೇಳ್ತಾನೆ. ಸತ್ತ ನಾಯಿ ಇವೆರಡನ್ನೂ ಹೋಲಿಸೋಕೆ ಅಳತೆಗೋಲಾಗುತ್ತೆ. ಯಾರನ್ನು ಏನು ಕೇಳಬಹುದೋ ಅದನ್ನಷ್ಟೇ ಕೇಳಿದರು. ಆಮೇಲೆ 1998ರಲ್ಲಿ ಹತ್ತು ರೋಗಿಗಳ ವರದಿ ಬಂತು. ಎಲ್ಲರ ಪೈಪನ್ನೂ 24 ಗಂಟೆಯೊಳಗೆ ತೆಗೆದಿದ್ದರು.

ಅಲ್ಲಿಂದ ಮುಂದೆ ಹಸಿರು ಲೇಸರಿನ ಶಕ್ತಿ 80, 120, 180 ವ್ಯಾಟಿಗೆ ಏರಿತು. 2014ರಲ್ಲಿ ಯುರೋಪಿನಲ್ಲಿ 281 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ 180 ವ್ಯಾಟಿನ ಲೇಸರ್, ಇನ್ನೊಂದಕ್ಕೆ ಹಳೆಯ ತುರಿಯುವ ಆಪರೇಷನ್ ಮಾಡಿ ಹೋಲಿಸಿದ ಫಲಿತಾಂಶ ಬಂತು. ಆರು ತಿಂಗಳಲ್ಲಿ ರೋಗಿಗಳ ತೊಂದರೆ ಇಳಿದದ್ದರಲ್ಲಿ ಲೇಸರ್ ಹಿಂದೆ ಬಿದ್ದಿರಲಿಲ್ಲ. ಇನ್ನೊಂದು ಕಡೆ, ನ್ಯೂಜಿಲೆಂಡಿನ ಟೌರಂಗ ಅನ್ನುವ ಊರಿನಲ್ಲಿ ಪೀಟರ್ ಗಿಲ್ಲಿಂಗ್ ಮತ್ತು ಮಾರ್ಕ್ ಫ್ರಾಂಡಾರ್ಫರ್ 1990ರ ದಶಕದಲ್ಲಿ ಹೋಲ್ಮಿಯಂ ಲೇಸರನ್ನು ಬಳಸಿದರು. ಇದನ್ನು ಹೀರೋದು ನೀರು. ಆಳ ಅರ್ಧ ಮಿಲಿಮೀಟರೂ ಇಲ್ಲ. ಅವರು ಸುಡೋದನ್ನು ಬಿಟ್ಟು ಬಿಡಿಸೋಕೆ ಹೊರಟರು. ಒಣಗಿದ ಕಾಯಿಯ ಚಿಪ್ಪಿನಿಂದ ಗಿಟುಕನ್ನು ಇಡಿಯಾಗಿ ಎಬ್ಬಿಸ್ತಾರಲ್ಲ, ಹಾಗೆ ಬೆಳೆದ ಭಾಗವನ್ನು ಕವಚದಿಂದ ಬಿಡಿಸಿ, ಮೂತ್ರಕೋಶದೊಳಗೆ ತಳ್ಳಿ, ಅಲ್ಲಿ ಪುಡಿ ಮಾಡಿ ಹೊರಗೆ ಎಳೆಯೋದು. ಒಂದು ಲೆಕ್ಕದಲ್ಲಿ ಫ್ರೇಯರ್ ಬೆರಳು ಮಾಡಿದ್ದನ್ನೇ ಇಲ್ಲಿ ಬೆಳಕು ಮಾಡ್ತಾ ಇದೆ. ಹೊಲೆಪ್ ಅಂತ ಇವತ್ತು ನಮ್ಮ ಊರಿನ ಆಸ್ಪತ್ರೆಗಳ ಬೋರ್ಡಿನಲ್ಲಿ ಓದ್ತೀವಲ್ಲ, ಅದು ಇದೇ.

ಹಾಗಾಗಿ "ಲೇಸರ್" ಅನ್ನೋದು ಒಂದೇ ಚಿಕಿತ್ಸೆಯ ಹೆಸರಲ್ಲ. ಒಂದು ಬೇಯಿಸುತ್ತೆ, ಒಂದು ಆವಿ ಮಾಡುತ್ತೆ, ಒಂದು ಬಿಡಿಸುತ್ತೆ. ನಿಮ್ಮ ಅಪ್ಪನಿಗೋ ಮಾವನಿಗೋ ಲೇಸರ್ ಮಾಡಿಸೋಣ ಅಂತ ಯಾರಾದರೂ ಹೇಳಿದರೆ, ಯಾವ ಲೇಸರ್, ಪೈಪು ಎಷ್ಟು ದಿನ, ಉರಿ ಎಷ್ಟು ವಾರ, ರಕ್ತದ ಮಾತ್ರೆ ನಿಲ್ಲಿಸಬೇಕಾ ಅಂತ ಕೇಳಿ. ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳಲ್ಲ, ಒಳ್ಳೆಯವರು ಖುಷಿಯೇ ಪಡ್ತಾರೆ. ದೊಡ್ಡಪ್ಪ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿದರು.

ಬೆಳಿಗ್ಗೆ ಫೋನು ತೆಗೆದರೆ ಸಾಕು, "ಪ್ರಾಣಿಗಳಲ್ಲಿ ಯಶಸ್ವಿ" ಅನ್ನುವ ಸುದ್ದಿ ದಿನಕ್ಕೊಂದು ಬರುತ್ತೆ. ಆ ಸಾಲನ್ನು ಸುಳ್ಳು ಅಂತ ತಳ್ಳಿಹಾಕೋದೂ ಬೇಡ, ನಾಳೆಯೇ ಮದ್ದು ಸಿಕ್ಕಿತು ಅಂತ ಕುಣಿಯೋದೂ ಬೇಡ. ಯಾವ ಪ್ರಾಣಿ, ಅದಕ್ಕೆ ಆ ಕಾಯಿಲೆ ನಮ್ಮ ಹಾಗೇ ಬರುತ್ತಾ, ಅದನ್ನು ಕೇಳಿದ ಪ್ರಶ್ನೆ ಏನು? 1992ರಲ್ಲಿ ಈ ಮೂರನ್ನು ಒಟ್ಟಿಗೆ ಕೇಳಿದ್ದರೆ ಸಾವಿರಾರು ಗಂಡಸರು ವಾರಗಟ್ಟಲೆ ಪೈಪು ಹೊತ್ತು ತಿರುಗೋದು ತಪ್ಪುತ್ತಿತ್ತೋ ಏನೋ. ಸರಿಯಾದ ಪ್ರಶ್ನೆ ಕೇಳದೇ ಮಾಡಿದ ಪ್ರಯೋಗದಲ್ಲಿ ಮೋಸ ಹೋಗೋದು ಇಬ್ಬರೂ: ಚಿಕಿತ್ಸೆ ತಗೊಂಡ ರೋಗಿ, ಮತ್ತೆ ಸುಮ್ಮನೆ ಜೀವ ಕೊಟ್ಟ ನಾಯಿ.

ಕೊನೆಗೆ ಒಂದು ಮಾತು. ಇಷ್ಟೆಲ್ಲ ಬಣ್ಣದ ಬೆಳಕುಗಳನ್ನು ತನ್ನ ಮೈಮೇಲೆ ಬಿಡಿಸಿಕೊಂಡ ನಾಯಿಗೆ ಇವತ್ತು ಪ್ರಾಸ್ಟೇಟ್ ಊದಿದರೆ ಪಶುವೈದ್ಯರು ಏನು ಮಾಡ್ತಾರೆ ಗೊತ್ತಾ? ಲೇಸರ್ ಅಲ್ಲ. ಸಾಮಾನ್ಯವಾಗಿ ವೃಷಣ ತೆಗೀತಾರೆ, ಅಷ್ಟೇ. ಕೆಲವು ವಾರಗಳಲ್ಲಿ ಗ್ರಂಥಿ ಕುಗ್ಗುತ್ತೆ, ನಾಯಿ ಆರಾಮಾಗುತ್ತೆ. 1893ರಲ್ಲಿ ವೈಟ್ ಮನುಷ್ಯರಿಗಾಗಿ ಹುಡುಕಿದ ಚಿಕಿತ್ಸೆ ಕಡೆಗೂ ಸರಿಯಾದ ರೋಗಿಯನ್ನು ತಲುಪಿದೆ. ನಿಮ್ಮ ಬೀದಿಯಲ್ಲಿ ಕಿವಿಯ ತುದಿ ಕತ್ತರಿಸಿದ ಗಂಡು ನಾಯಿಗಳನ್ನು ನೋಡಿರ್ತೀರಿ, ಸಂತಾನಹರಣ ಆಗಿದೆ ಅನ್ನೋದಕ್ಕೆ ಅದು ಗುರುತು. ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ಬಿಸಿಲು ಕಾಯಿಸ್ತಾ ಮಲಗಿರುವ ಆ ನಾಯಿಗೆ ಎಷ್ಟೇ ವಯಸ್ಸಾದರೂ ಪ್ರಾಸ್ಟೇಟಿನ ಈ ಕಾಟ ಇಲ್ಲ.